ಸುಮಾತ್ರದ ಹೊಗೆ ಸಿಂಗಪುರದ ಮನೆಗೆ ಬಂದಾಗ: ಯಾವ ಅಂಕಿ ನೋಡಬೇಕು, ಯಾವ ಕೋಣೆ ಮುಚ್ಚಬೇಕು

ಸಿಂಗಪುರ, ಜೊಹೊರ್ ಬಾರು, ಕ್ವಾಲಾಲಂಪುರ, ಕುಚಿಂಗ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರಿಗೆ 'ಹೇಜ್' ಎಂಬ ಹೊಗೆಮುಸುಕು ಹೊಸದೇನಲ್ಲ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಲ್ಲಿ ಗಾಳಿ ದಕ್ಷಿಣ ಮತ್ತು ನೈಋತ್ಯದಿಂದ ಬೀಸುತ್ತದೆ. ಆಗ ಇಂಡೋನೇಷ್ಯಾದ ಸುಮಾತ್ರ ದ್ವೀಪದ ರಿಯಾವು, ಜಾಂಬಿ, ದಕ್ಷಿಣ ಸುಮಾತ್ರ ಪ್ರಾಂತ್ಯಗಳಲ್ಲಿ ತೋಟಕ್ಕೆಂದು ನೆಲ ಸುಟ್ಟರೆ ಹೊಗೆ ಕಡಲು ದಾಟಿ ಸಿಂಗಪುರಕ್ಕೂ ಮಲೇಷ್ಯಾಕ್ಕೂ ಬರುತ್ತದೆ. ಬೋರ್ನಿಯೊ ದ್ವೀಪದ ಇಂಡೋನೇಷ್ಯಾ ಭಾಗವಾದ ಕಾಲಿಮಂತಾನ್‌ನಲ್ಲಿ ಸುಟ್ಟದ್ದು ಅದೇ ದ್ವೀಪದ ಮಲೇಷ್ಯಾ ರಾಜ್ಯ ಸರವಾಕ್‌ನ ಮೇಲೆ ಹೋಗಿ ಕೂರುತ್ತದೆ. 2013ರ ಜೂನ್ 21ರಂದು ಸಿಂಗಪುರದ 3 ಗಂಟೆಯ ಮಾಲಿನ್ಯ ಸೂಚ್ಯಂಕ 401 ಮುಟ್ಟಿತ್ತು. ಎರಡು ದಿನ ಕಳೆದು ಜೊಹೊರ್‌ನ ಮುವಾರ್‌ನಲ್ಲಿ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. 2015ರ ಸೆಪ್ಟೆಂಬರ್ 25ರಂದು ಸಿಂಗಪುರ ತನ್ನ ಶಾಲೆಗಳನ್ನೇ ಮುಚ್ಚಿತು. 2019ರಲ್ಲಿ, 2023ರಲ್ಲಿ ಹೊಗೆ ಮತ್ತೆ ಬಂತು. ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ವಿದ್ಯಮಾನ) ಇರುವ ವರ್ಷ ಮಳೆ ತಡವಾಗುವುದರಿಂದ ಕಾಟ ಹೆಚ್ಚು.

ಸುಡುವುದನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ಮನೆಯವರ ಎದೆಯೊಳಗೆ ಹೋಗುವ ಹೊಗೆಯನ್ನು ಬಹಳಷ್ಟು ಇಳಿಸುವುದು ಮಾತ್ರ ಖಂಡಿತ ನಮ್ಮ ಕೈಯಲ್ಲಿದೆ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಎರಡು: ಸರಿಯಾದ ಅಂಕಿ ಓದುವುದು, ಇಡೀ ಮನೆಯ ಬದಲು ಒಂದು ಕೋಣೆಯನ್ನು ನಿಜವಾಗಿ ಶುದ್ಧವಾಗಿಡುವುದು. ಉಳಿದದ್ದೆಲ್ಲ ಇವೆರಡರ ನಂತರ.

ಈ ಬೆಂಕಿ ಬೇಗ ಆರುವುದಿಲ್ಲ ಏಕೆ

ಇಲ್ಲಿ ಉರಿಯುವುದು ಬರೀ ಹುಲ್ಲು, ಕೂಳೆಯಲ್ಲ. ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತು ಕೂತ ಮರ, ಎಲೆ, ಬೇರುಗಳ ಪದರಕ್ಕೆ ಪೀಟ್ ಎನ್ನುತ್ತಾರೆ. ಎಷ್ಟೋ ಕಡೆ ಅದು ಹಲವು ಮೀಟರ್ ಆಳವಿದೆ. ಎಣ್ಣೆತಾಳೆ ಅಥವಾ ಕಾಗದಕ್ಕೆ ಬೇಕಾದ ಅಕೇಶಿಯ ಬೆಳೆಯಲು ಕಾಲುವೆ ತೋಡಿ ನೀರು ಬಸಿದುಬಿಟ್ಟರೆ ಆ ಪದರ ಒಣಗಿ ಸೌದೆಯಾಗುತ್ತದೆ. ಪೀಟ್ ನೆಲದಲ್ಲಿ ಅಂತರ್ಜಲ 40 ಸೆಂಟಿಮೀಟರ್‌ಗಿಂತ ಕೆಳಗಿಳಿಯಬಾರದು ಎಂದು ಇಂಡೋನೇಷ್ಯಾ ನಿಯಮ ಮಾಡಿರುವುದು ಇದೇ ಕಾರಣಕ್ಕೆ. ಒಮ್ಮೆ ಕಿಡಿ ಒಳಗಿಳಿದರೆ ಬೆಂಕಿ ಮಣ್ಣಿನಡಿ ಹೊಗೆಯಾಡುತ್ತ ಸಾಗುತ್ತದೆ. ಹೆಲಿಕಾಪ್ಟರ್‌ನಿಂದ ಸುರಿದ ನೀರು ಮೇಲ್ಪದರ ತೋಯಿಸುತ್ತದೆ ಅಷ್ಟೇ. ನೆಲ ನೆನೆಯುವಷ್ಟು ದಿನ ಮಳೆ ಹೊಡೆದರೇ ಅದು ಆರುವುದು. ಆದ್ದರಿಂದ ಸಿದ್ಧತೆಯನ್ನು ಒಂದೆರಡು ದಿನದ ಲೆಕ್ಕದಲ್ಲಿ ಮಾಡಬೇಡಿ, ನಾಲ್ಕರಿಂದ ಆರು ವಾರದ ಲೆಕ್ಕದಲ್ಲಿ ಮಾಡಿ. ಹೊಗೆ ಬಂದ ದಿನ ಅಂಗಡಿಗೆ ಓಡಿದರೆ ಎನ್‌95 ಮಾಸ್ಕೂ ಇರುವುದಿಲ್ಲ, ಫಿಲ್ಟರೂ ಇರುವುದಿಲ್ಲ. ಮೇ ಕೊನೆಯೊಳಗೆ ತಂದಿಟ್ಟುಕೊಳ್ಳಿ.

ಅಂಕಿ ಓದುವ ಬಗೆ

ಹೆಚ್ಚಿನವರು ಎಡವುವುದು ಇಲ್ಲೇ. ಸಿಂಗಪುರದ ರಾಷ್ಟ್ರೀಯ ಪರಿಸರ ಸಂಸ್ಥೆ ಎರಡು ಬಗೆಯ ಅಂಕಿ ಕೊಡುತ್ತದೆ. ಒಂದು 24 ಗಂಟೆಯ ಪಿಎಸ್‌ಐ, ಅಂದರೆ ಮಾಲಿನ್ಯ ಸೂಚ್ಯಂಕ. 50ರವರೆಗೆ ಒಳ್ಳೆಯದು, 51ರಿಂದ 100 ಸಾಧಾರಣ, 101ರಿಂದ 200 ಅನಾರೋಗ್ಯಕರ, 201ರಿಂದ 300 ತೀರಾ ಅನಾರೋಗ್ಯಕರ, 300 ದಾಟಿದರೆ ಅಪಾಯಕಾರಿ. ಇನ್ನೊಂದು ಕಳೆದ ಒಂದು ಗಂಟೆಯ ಪಿಎಂ2.5, ಅಂದರೆ ಪ್ರತಿ ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಸೂಕ್ಷ್ಮ ಕಣ ಇದೆ ಎಂಬುದು. ಇದು 55ರವರೆಗೆ ಸಾಮಾನ್ಯ, 56ರಿಂದ 150 ಏರಿದ ಮಟ್ಟ, 151ರಿಂದ 250 ಹೆಚ್ಚು, 250 ದಾಟಿದರೆ ತೀರಾ ಹೆಚ್ಚು. ಎರಡನ್ನೂ ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ, ಮಧ್ಯ ಎಂದು ಐದು ವಲಯಕ್ಕೆ ಬೇರೆಬೇರೆಯಾಗಿ ಕೊಡುತ್ತಾರೆ. ನಿಮ್ಮ ವಲಯದ್ದನ್ನೇ ನೋಡಿ. ಪಶ್ಚಿಮದ ಜುರಾಂಗ್‌ಗೂ ಪೂರ್ವದ ತಂಪೆನಿಸ್‌ಗೂ ಒಂದೇ ಹೊತ್ತಿನಲ್ಲಿ ದೊಡ್ಡ ವ್ಯತ್ಯಾಸ ಇರಬಲ್ಲದು.

ಪಿಎಸ್‌ಐ ಒಂದು ದಿನದ ಸರಾಸರಿಯಾದ್ದರಿಂದ ಅದು ಯಾವಾಗಲೂ ಹಿಂದೆ ಉಳಿಯುತ್ತದೆ. ಒಂದು ಲೆಕ್ಕ ಮಾಡಿ ನೋಡೋಣ. ನಿನ್ನೆ ಸಂಜೆಯಿಂದ 21 ಗಂಟೆ ಪಿಎಂ2.5 ಪ್ರಮಾಣ 30 ಇತ್ತು. ಇವತ್ತು ಮಧ್ಯಾಹ್ನ ಹೊಗೆ ನುಗ್ಗಿ ಕೊನೆಯ 3 ಗಂಟೆ 200ಕ್ಕೆ ಹೋಯಿತು ಎಂದುಕೊಳ್ಳಿ. ಸರಾಸರಿ ಸುಮಾರು 51 ಆಗುತ್ತದೆ. ಅದನ್ನು ಪಿಎಸ್‌ಐಗೆ ತಿರುಗಿಸಿದರೆ ಬರುವುದು 95ರ ಆಸುಪಾಸು, ಅಂದರೆ ಇನ್ನೂ 'ಸಾಧಾರಣ'. ಆ ಹೊತ್ತಿಗೆ ನಿಮ್ಮ ಮಗು ಆಟದ ಮೈದಾನದಲ್ಲಿ ಎಳೆದುಕೊಳ್ಳುತ್ತಿರುವುದು ಮಾತ್ರ 200ರ ಗಾಳಿ. ಹೊಗೆ ಚದುರುವಾಗ ಇದೇ ಮಾತು ತಿರುಗುಮುರುಗು: ಪಿಎಸ್‌ಐ ಇನ್ನೂ 130 ತೋರಿಸುತ್ತಿರುತ್ತದೆ, ಹೊರಗಿನ ಗಾಳಿ ಆಗಲೇ ತಿಳಿಯಾಗಿರುತ್ತದೆ, ಕಿಟಕಿ ತೆರೆಯಬಹುದಾದ ಎರಡು ಗಂಟೆ ಸುಮ್ಮನೆ ಕಳೆದುಹೋಗುತ್ತದೆ.

ಹಾಗಾಗಿ ರೂಢಿ ಹೀಗಿರಲಿ. ಈಗ ಹೊರಗೆ ಹೋಗಬೇಕೇ, ಕಿಟಕಿ ತೆರೆಯಬೇಕೇ, ಬಟ್ಟೆ ಒಣಹಾಕಬೇಕೇ ಎಂಬುದಕ್ಕೆ ಒಂದು ಗಂಟೆಯ ಪಿಎಂ2.5. ನಾಳೆಯ ಶಾಲೆ, ವಾರಾಂತ್ಯದ ಕ್ರಿಕೆಟ್, ಸಂಘದ ಹೊರಾಂಗಣ ಕಾರ್ಯಕ್ರಮ ಇವಕ್ಕೆ 24 ಗಂಟೆಯ ಪಿಎಸ್‌ಐ ಮುನ್ಸೂಚನೆ.

ಊರಿನ ಅಂಕಿಗೆ ಇಲ್ಲಿಯದನ್ನು ಹೋಲಿಸಬೇಡಿ. ದಿನದ ಸರಾಸರಿ ಪಿಎಂ2.5 ಪ್ರಮಾಣ 100 ಇದ್ದರೆ ಸಿಂಗಪುರದ ಪಿಎಸ್‌ಐ 147ರ ಹತ್ತಿರ ಇರುತ್ತದೆ, ಭಾರತದ ವಾಯು ಗುಣಮಟ್ಟ ಸೂಚ್ಯಂಕ ಎಕ್ಯೂಐ 230ರ ಆಸುಪಾಸು ಬರುತ್ತದೆ. ಗಾಳಿ ಅದೇ, ಅಳತೆಕೋಲು ಬೇರೆ. ಬೆಂಗಳೂರಿನಿಂದ ಅಪ್ಪ ಅಮ್ಮ ಫೋನ್ ಮಾಡಿ ಆಪ್‌ನಲ್ಲಿ ಬೇರೆ ಏನೋ ತೋರಿಸುತ್ತಿದೆಯಲ್ಲ ಎಂದರೆ ಅವರಿಗೆ ಮೈಕ್ರೋಗ್ರಾಂ ಲೆಕ್ಕವನ್ನೇ ಹೇಳಿ. ಅದು ಎಲ್ಲ ದೇಶಕ್ಕೂ ಒಂದೇ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ದಿನದ ಸರಾಸರಿ 15 ಮೀರಬಾರದು ಎಂದಿದೆ. 'ಸಾಮಾನ್ಯ' ಎಂದು ಬರೆದಿರುವ 55 ಕೂಡ ಉಬ್ಬಸ ಇರುವವರಿಗೆ ಸಾಮಾನ್ಯವಲ್ಲ ಎಂಬುದನ್ನು ಇದರಿಂದ ತಿಳಿಯಬಹುದು. ಮಲೇಷ್ಯಾದಲ್ಲಿರುವವರು ಪರಿಸರ ಇಲಾಖೆಯ ವಾಯು ಮಾಲಿನ್ಯ ಸೂಚ್ಯಂಕ ಎಪಿಐ ನೋಡಬೇಕು; ಅಲ್ಲಿನ ಫಲಕಗಳಲ್ಲಿ ಅದನ್ನು ಐಪಿಯು ಎಂದು ಬರೆದಿರುತ್ತಾರೆ.

ಮನೆಯೊಳಗೆ ಇಟ್ಟುಕೊಳ್ಳಲು ಲೇಸರ್ ಬಗೆಯ ಪುಟ್ಟ ಪಿಎಂ2.5 ಮಾಪಕ ಒಂದು ಕೊಳ್ಳುವುದು ಒಳ್ಳೆಯದು. ಗಾಳಿಯಲ್ಲಿ ತೇವ ಹೆಚ್ಚಾದಾಗ ಇಂಥವು ನಿಜಕ್ಕಿಂತ ಹೆಚ್ಚು ತೋರಿಸುತ್ತವೆ. ಆದರೂ ಹೊರಗೆಷ್ಟು, ಒಳಗೆಷ್ಟು ಎಂದು ಒಂದೇ ಮಾಪಕದಲ್ಲಿ ಅಳೆದು ಹೋಲಿಸಲು ಧಾರಾಳವಾಗಿ ಸಾಕು. ಮೂಗನ್ನು ನಂಬಬೇಡಿ. ಅರ್ಧ ಗಂಟೆಯಲ್ಲಿ ಅದು ವಾಸನೆಗೆ ಹೊಂದಿಕೊಂಡುಬಿಡುತ್ತದೆ.

ಒಂದು ಕೋಣೆ

ಎಚ್‌ಡಿಬಿ ಮನೆಯನ್ನು (ಸಿಂಗಪುರದ ಸರ್ಕಾರಿ ವಸತಿ ಫ್ಲ್ಯಾಟ್) ಪೂರ್ತಿ ಹೊಗೆಯಿಲ್ಲದಂತೆ ಮಾಡಲು ಹೊರಟರೆ ಯಾವ ಕೋಣೆಯೂ ಸರಿಯಾಗುವುದಿಲ್ಲ. ಮಕ್ಕಳು, ವಯಸ್ಸಾದವರು ಮಲಗುವ ಕೋಣೆಯನ್ನು ಆರಿಸಿಕೊಳ್ಳಿ. ದಿನದ ಎಂಟು ಹತ್ತು ಗಂಟೆ ಅಲ್ಲೇ ಕಳೆಯುವುದು.

ಮೊದಲು ಸಂದು. ಜಾರುಬಾಗಿಲಿನಂಥ ಕಿಟಕಿಯಾದರೆ ಎರಡು ಗಾಜು ಸೇರುವ ಉದ್ದ ಸಂದಿನಲ್ಲೇ ಹೊಗೆ ಹೆಚ್ಚು ನುಸುಳುವುದು. ಅಂಟಿರುವ ಫೋಮ್ ಪಟ್ಟಿಯನ್ನು ಚೌಕಟ್ಟಿನ ಒಳಬದಿಗೆ ಹಚ್ಚಿ, ಕಿಟಕಿ ಒತ್ತಿ ಮುಚ್ಚಿದಾಗ ಅದು ಅರ್ಧಕ್ಕೆ ಕುಗ್ಗುವಷ್ಟು ದಪ್ಪ ಇರಲಿ. ಹಚ್ಚುವ ಮೊದಲು ಚೌಕಟ್ಟು ಒರೆಸಿ ಒಣಗಿಸಿ, ಇಲ್ಲವಾದರೆ ಇಲ್ಲಿಯ ಸೆಕೆಗೆ ವಾರದಲ್ಲಿ ಕಿತ್ತುಬರುತ್ತದೆ. ಗಾಜಿನ ಪಟ್ಟಿಗಳ ಲೂವರ್ ಕಿಟಕಿಯನ್ನು ಪಟ್ಟಿಯಿಂದ ಬಿಗಿಮಾಡಲು ಆಗುವುದಿಲ್ಲ. ಒಳಗಿನಿಂದ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಸುತ್ತ ಟೇಪ್ ಹಾಕಿ. ಬಾಗಿಲ ಕೆಳಸಂದಿಗೆ ಸುತ್ತಿದ ಟವೆಲ್ ಸಾಕು. ಒದ್ದೆ ಟವೆಲ್ ನೇತುಹಾಕಿದರೆ ಹೊಗೆ ಸೋಸುತ್ತದೆ ಎಂಬ ನಂಬಿಕೆ ಇದೆ. ಸೋಸುವುದಿಲ್ಲ, ಕೋಣೆಯ ತೇವ ಹೆಚ್ಚಿಸುತ್ತದೆ ಅಷ್ಟೇ.

ಆಮೇಲೆ ಯಂತ್ರ. ಏರ್ ಪ್ಯೂರಿಫೈಯರ್ ಡಬ್ಬಿಯ ಮೇಲೆ ಇಷ್ಟು ಚದರ ಮೀಟರ್‌ಗೆ ಸಾಕು ಎಂದು ಬರೆದಿರುವುದನ್ನು ಬಿಟ್ಟುಬಿಡಿ. ಸಿಎಡಿಆರ್ ಎಂಬ ಅಂಕಿ, ಅಂದರೆ ಯಂತ್ರ ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಎಂಬುದನ್ನು ನೋಡಿ; ಹೊಗೆಗೆ, ಧೂಳಿಗೆ ಬೇರೆಬೇರೆ ಕೊಟ್ಟಿದ್ದರೆ ಹೊಗೆಯದ್ದನ್ನು ತೆಗೆದುಕೊಳ್ಳಿ. ಕೋಣೆಯ ಉದ್ದ, ಅಗಲ, ಎತ್ತರ ಗುಣಿಸಿ ಬಂದದ್ದನ್ನು ಐದರಿಂದ ಗುಣಿಸಿ. 4 ಮೀಟರ್ ಉದ್ದ, 3 ಮೀಟರ್ ಅಗಲ, 2.6 ಮೀಟರ್ ಎತ್ತರದ ಕೋಣೆ 31 ಘನ ಮೀಟರ್ ಆಗುತ್ತದೆ; ಗಂಟೆಗೆ ಸುಮಾರು 156 ಘನ ಮೀಟರ್ ಬೇಕು. ಘನ ಅಡಿಯಲ್ಲಿ, ನಿಮಿಷದ ಲೆಕ್ಕದಲ್ಲಿ ಕೊಟ್ಟಿದ್ದರೆ 1.7ರಿಂದ ಗುಣಿಸಿ. ಈ ಅಂಕಿಯನ್ನು ಯಂತ್ರದ ಅತಿ ಹೆಚ್ಚು ವೇಗದಲ್ಲಿ ಅಳೆದಿರುತ್ತಾರೆ, ಆ ಸದ್ದಿನಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಆದ್ದರಿಂದ 156 ಬೇಕಾದ ಕಡೆ 250ರಿಂದ 300ರದ್ದು ಕೊಂಡು ನಡು ವೇಗದಲ್ಲಿ ಓಡಿಸುವುದೇ ಜಾಣತನ. ಓಝೋನ್ ಬಿಡುವ ಯಂತ್ರ ಬೇಡವೇ ಬೇಡ. ಓಝೋನ್ ತಾನೇ ಶ್ವಾಸಕೋಶವನ್ನು ಕೆರಳಿಸುತ್ತದೆ.

ಇನ್ನು ಪರೀಕ್ಷೆ. ಬಾಗಿಲು ಮುಚ್ಚಿ, ಯಂತ್ರ ಜೋರಾಗಿಟ್ಟು, ಅರ್ಧದಿಂದ ಮುಕ್ಕಾಲು ಗಂಟೆ ಬಿಟ್ಟು ಮಾಪಕ ನೋಡಿ. ಹೊರಗೆ 150 ಇದ್ದರೆ ಒಳಗೆ 15ರಿಂದ 30ರೊಳಗೆ ಬಂದಿರಬೇಕು. 50ರ ಮೇಲೆ ನಿಂತುಬಿಟ್ಟಿದೆಯೇ? ಒಂದೊಂದಾಗಿ ಹುಡುಕಿ. ಮೊದಲು ಯಂತ್ರದ ಹಿಂಬದಿ ಬಿಚ್ಚಿ ಫಿಲ್ಟರ್ ಹೊರಗೆಳೆಯಿರಿ: ಹೊಸ ಯಂತ್ರಗಳಲ್ಲಿ ಎಷ್ಟೋ ಸಲ ಅದು ಪ್ಲಾಸ್ಟಿಕ್ ಚೀಲದೊಳಗೇ ಇರುತ್ತದೆ, ಹಸಿರು ದೀಪ ಉರಿಯುತ್ತಿರುತ್ತದೆ, ಗಾಳಿ ಮಾತ್ರ ಫಿಲ್ಟರ್ ಮೂಲಕ ಹೋಗುತ್ತಲೇ ಇರುವುದಿಲ್ಲ. ಅದು ಸರಿಯಿದ್ದರೆ 'ಆಟೊ' ಅಥವಾ 'ಸ್ಲೀಪ್' ಕ್ರಮದಲ್ಲಿದೆಯೇ ನೋಡಿ. ಸೆನ್ಸರ್ ಕಿಂಡಿಯಲ್ಲಿ ಧೂಳು ಕೂತಿದ್ದರೆ ಆಟೊ ಕ್ರಮ ಗಾಳಿ ಚೆನ್ನಾಗಿದೆ ಎಂದುಕೊಂಡು ವೇಗ ಇಳಿಸಿಬಿಡುತ್ತದೆ. ಯಂತ್ರ ಗೋಡೆಗೆ ಅಂಟಿಕೊಂಡಿದ್ದರೆ ಒಂದಡಿಯಾದರೂ ಮುಂದೆ ಎಳೆಯಿರಿ. ಇವೆಲ್ಲ ಸರಿಯಿದ್ದೂ ಅಂಕಿ ಇಳಿಯದಿದ್ದರೆ ಕಿಟಕಿಯ ಸಂದು, ಅಥವಾ ಕೋಣೆಗೆ ಅಂಟಿದ ಬಚ್ಚಲಮನೆಯ ಎಕ್ಸಾಸ್ಟ್ ಫ್ಯಾನ್. ಆ ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ತಳ್ಳಿದಷ್ಟೂ ಹೊರಗಿನ ಹೊಗೆ ಎಲ್ಲ ಸಂದುಗಳಿಂದ ಒಳಗೆ ಬರುತ್ತದೆ. ಅಂಕಿ ಇಳಿದರೂ ಸುಟ್ಟ ವಾಸನೆ ಉಳಿದಿದ್ದರೆ ಗಾಬರಿ ಬೇಡ. ವಾಸನೆ ಅನಿಲದ್ದು, ಅದನ್ನು ಹೀರುವ ಇದ್ದಿಲ ಪದರ ಮನೆಬಳಕೆಯ ಯಂತ್ರಗಳಲ್ಲಿ ತೆಳ್ಳಗಿರುತ್ತದೆ.

ಏಸಿ ಹಾಕಿದ್ದೇವಲ್ಲ ಎನ್ನುವವರಿಗೆ: ಸ್ಪ್ಲಿಟ್ ಏಸಿ ಹೊರಗಿನ ಗಾಳಿ ತರುವುದಿಲ್ಲ, ಒಳಗಿನ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ. ಹಾಗಾಗಿ ಹೊಗೆಯಲ್ಲಿ ಹಾಕಿಕೊಳ್ಳಬಹುದು, ಮುಚ್ಚಿದ ಕೋಣೆಯಲ್ಲಿ ಸೆಕೆ ತಡೆಯಲು ಬೇಕೇ ಬೇಕು. ಆದರೆ ಅದರ ಜಾಲರಿ ಧೂಳು ಹಿಡಿಯುತ್ತದೆಯೇ ಹೊರತು ಪಿಎಂ2.5 ಹಿಡಿಯುವುದಿಲ್ಲ.

ಬಿಗಿ ಮಾಡಿದ ಕೋಣೆಗೆ ಒಂದು ಎಚ್ಚರಿಕೆ. ಇಬ್ಬರು ದೊಡ್ಡವರು, ಒಂದು ಮಗು 31 ಘನ ಮೀಟರ್ ಕೋಣೆಯಲ್ಲಿ ಮಲಗಿದರೆ, ಗಾಳಿ ಸ್ವಲ್ಪವೂ ಆಡದಿದ್ದಲ್ಲಿ ಇಂಗಾಲದ ಡೈಆಕ್ಸೈಡ್ ಗಂಟೆಗೆ 1,000 ಪಿಪಿಎಂನಷ್ಟು (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸಾವಿರ ಪಾಲು) ಏರಬಲ್ಲದು. ಬೆಳಗ್ಗೆ ತಲೆ ಭಾರ ಎನ್ನುವುದಕ್ಕೆ ಎಷ್ಟೋ ಸಲ ಹೊಗೆಗಿಂತ ಇದೇ ಕಾರಣ. ಮನೆಯ ಎಲ್ಲ ಕಿಟಕಿ ಮುಚ್ಚಿರಲಿ, ಮಲಗುವ ಕೋಣೆಯ ಬಾಗಿಲನ್ನು ಮಾತ್ರ ಹಾಲ್ ಕಡೆಗೆ ನಾಲ್ಕು ಬೆರಳಷ್ಟು ತೆರೆದಿಡಿ. ಯಂತ್ರವನ್ನು ಬೇಕಾದ್ದಕ್ಕಿಂತ ದೊಡ್ಡದು ಕೊಂಡದ್ದು ಈಗ ಉಪಯೋಗಕ್ಕೆ ಬರುತ್ತದೆ. ಗಂಟೆಯ ಅಂಕಿ 55ರ ಕೆಳಗೆ ಇಳಿದ ಹೊತ್ತು ನೋಡಿ ಇಡೀ ಮನೆಯ ಕಿಟಕಿ ಇಪ್ಪತ್ತು ನಿಮಿಷ ತೆರೆದುಬಿಡಿ. ಗುಡುಗುಮಳೆ ಬಂದು ಹೋದ ಮೇಲೆ ಇಂಥ ಹೊತ್ತು ಸಿಗುವುದುಂಟು.

ಮನೆಕೆಲಸದವರು ಒಬ್ಬರು ನಿಮ್ಮೊಂದಿಗೇ ಇದ್ದರೆ ಅವರು ಮಲಗುವ ಜಾಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದು ಅಡುಗೆಮನೆಯ ಪಕ್ಕ, ಬಟ್ಟೆ ಒಣಹಾಕುವ ತೆರೆದ ಕಡೆಗೆ ಇರುತ್ತದೆ, ಮನೆಯಲ್ಲಿ ಹೊಗೆ ಮೊದಲು ತುಂಬುವುದು ಅಲ್ಲೇ. ಆ ವಾರಗಳಲ್ಲಿ ಅವರ ಹಾಸಿಗೆಯನ್ನು ಯಂತ್ರ ಇರುವ ಕಡೆಗೆ ತನ್ನಿ, ಕಿಟಕಿಯ ಹೊರಮೈ ಒರೆಸುವ ಕೆಲಸ ನಿಲ್ಲಿಸಿ.

ಒಗ್ಗರಣೆ, ಊದುಬತ್ತಿ, ಕರ್ಪೂರ

ಹೊಗೆಯ ತಿಂಗಳುಗಳು ನಮ್ಮ ಹಬ್ಬದ ತಿಂಗಳುಗಳೂ ಹೌದು: ಗಣೇಶ ಚೌತಿ, ನವರಾತ್ರಿ, ಕೆಲವು ವರ್ಷ ದೀಪಾವಳಿಯವರೆಗೆ. ಮುಚ್ಚಿದ ಮನೆಯಲ್ಲಿ ಒಂದು ಊದುಬತ್ತಿ ಹಚ್ಚಿ ಮಾಪಕ ನೋಡಿದರೆ ಅಂಕಿ ಹೊರಗಿನದನ್ನೂ ಮೀರುವುದು ಕಾಣುತ್ತದೆ. ಕರ್ಪೂರ, ಧೂಪ, ಹೋಮ ಇನ್ನೂ ಹೆಚ್ಚು. ಈ ದಿನಗಳಲ್ಲಿ ಹೂವು, ಗಂಧ, ಗಂಟೆ ಸಾಕು. ತುಪ್ಪದ ಒಂದು ಬತ್ತಿಯನ್ನು ಸಣ್ಣಗೆ ಉರಿಸಿ. ಮಂಗಳಾರತಿ ಬೇಕೇ ಬೇಕೆಂದರೆ ಹಾಲ್‌ನಲ್ಲಿ ಮಾಡಿ, ಮಲಗುವ ಕೋಣೆಯ ಬಾಗಿಲು ಅಷ್ಟು ಹೊತ್ತು ಮುಚ್ಚಿರಲಿ.

ಅಡುಗೆಯಲ್ಲಿ ತೊಂದರೆ ಕೊಡುವುದು ಕಾದ ಎಣ್ಣೆ. ಒಣಮೆಣಸಿನಕಾಯಿ ಒಗ್ಗರಣೆ, ಕಾವಲಿಯ ಮೇಲೆ ಎಣ್ಣೆ ಸುಟ್ಟು ಹೊಗೆಯೇಳುವ ದೋಸೆ, ಬಜ್ಜಿ ಕರಿಯುವುದು ಇವು ಗಾಳಿ ತಿಳಿಯಾದ ದಿನಕ್ಕೆ ಇರಲಿ. ಇಡ್ಲಿ, ಸೊಪ್ಪಿನ ಸಾರು, ಕುಕ್ಕರ್‌ನ ಬಿಸಿಬೇಳೆಬಾತ್, ಮೊಸರನ್ನಕ್ಕೆ ಅಡ್ಡಿಯಿಲ್ಲ. ಒಗ್ಗರಣೆ ಹಾಕುವ ಎರಡು ನಿಮಿಷ ಎಕ್ಸಾಸ್ಟ್ ಹಾಕಿ, ಮುಗಿದ ಕೂಡಲೇ ಆರಿಸಿ. ಕಸಬರಿಗೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಗುಡಿಸಿದರೆ ಕೂತ ಕಣವನ್ನು ಮತ್ತೆ ಎಬ್ಬಿಸಿದಂತಾಗುತ್ತದೆ.

ಅರಿಸಿನದ ಹಾಲು, ಬೆಲ್ಲ, ಜ್ಯೇಷ್ಠಮಧು ಕೆರಳಿದ ಗಂಟಲಿಗೆ ಹಿತ, ಕುಡಿಯಿರಿ. ಶ್ವಾಸಕೋಶಕ್ಕೆ ಇಳಿದ ಕಣವನ್ನು ಅವು ಹೊರಗೆ ತರುತ್ತವೆ ಎಂದು ನಂಬಿ ಬಾಗಿಲು ತೆರೆದಿಡಬೇಡಿ.

ಮಾಸ್ಕ್

ಬಟ್ಟೆಯ ಮಾಸ್ಕ್, ಆಸ್ಪತ್ರೆಯ ನೀಲಿ ಮಾಸ್ಕ್ ಈ ಕೆಲಸಕ್ಕಲ್ಲ. ಕೆನ್ನೆಯ ಪಕ್ಕದಿಂದಲೇ ಗಾಳಿ ಒಳಬರುತ್ತದೆ. ಎನ್‌95 ಬೇಕು, ಅದೂ ತಲೆಯ ಹಿಂದೆ ಹೋಗುವ ಎರಡು ಪಟ್ಟಿಯದ್ದು. ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕತ್ತಿಗೆ, ಎರಡನ್ನೂ ಅಡ್ಡಹಾಯಿಸಬೇಡಿ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಒಂದು ಕೈಯಿಂದ ಚಿವುಟಿದರೆ ನಡುವೆ ಮಡಿಕೆ ಬಿದ್ದು ಸಂದು ಉಳಿಯುತ್ತದೆ. ಎರಡು ಕೈಗಳ ಬೆರಳಿನಿಂದ ನಡುವಿನಿಂದ ಹೊರಕ್ಕೆ ಒತ್ತುತ್ತ ಹೋಗಿ. ಎರಡೂ ಅಂಗೈ ಮಾಸ್ಕ್‌ನ ಮೇಲಿಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಾಗಿದರೆ, ಕನ್ನಡಕ ಮಂಜಾದರೆ ಮತ್ತೆ ಸರಿಮಾಡಿ. ಗಡ್ಡ ಇದ್ದರೆ ಯಾವ ಎನ್‌95 ಕೂಡ ಕೂರುವುದಿಲ್ಲ. ಬೆವರಿನಿಂದ ನೆನೆದದ್ದನ್ನು ಬದಲಿಸಿ.

ಮನೆಯಿಂದ ಎಂಆರ್‌ಟಿ (ಮೆಟ್ರೊ ರೈಲು) ನಿಲ್ದಾಣಕ್ಕೆ ಐದು ನಿಮಿಷ ನಡೆಯಲು ಆರೋಗ್ಯವಂತರಿಗೆ ಇದು ಬೇಕಿಲ್ಲ. ಗಂಟೆಗಟ್ಟಲೆ ಹೊರಗೇ ಇರಬೇಕಾದ ಕೆಲಸಕ್ಕೆ ಬೇಕು. ಎನ್‌95 ಹಾಕಿದರೆ ಉಸಿರೆಳೆಯಲು ಹೆಚ್ಚು ಬಲ ಬೇಕಾಗುವುದರಿಂದ ಹೃದಯ ಅಥವಾ ಶ್ವಾಸಕೋಶದ ಕಾಯಿಲೆ ಇರುವವರು, ತುಂಬು ಬಸುರಿಯರು ವೈದ್ಯರನ್ನು ಕೇಳಿಯೇ ಹಾಕಬೇಕು. ಚಿಕ್ಕ ಮಕ್ಕಳ ಮುಖಕ್ಕೆ ಅದು ಕೂರುವುದಿಲ್ಲ. ಅವರನ್ನು ಒಳಗಿಡುವುದೊಂದೇ ದಾರಿ.

ಉಬ್ಬಸ ಇರುವವರು, ಊರಿಂದ ಬಂದ ಹಿರಿಯರು

ಉಬ್ಬಸಕ್ಕೆ ದಿನವೂ ತೆಗೆದುಕೊಳ್ಳುವ ತಡೆ ಇನ್‌ಹೇಲರ್ ಅನ್ನು ಹೊಗೆ ಬಂದ ಮೇಲೆ ಶುರುಮಾಡಿದರೆ ತಡವಾಯಿತು, ಅದು ಕೆಲಸ ಹಿಡಿಯಲು ದಿನಗಳು ಬೇಕು. ಜೂನ್‌ಗೆ ಮೊದಲೇ ವೈದ್ಯರನ್ನು ಕಂಡು, ಯಾವ ಹಂತದಲ್ಲಿ ಯಾವ ಔಷಧ ಎಷ್ಟು ಎಂದು ಬರೆಸಿಕೊಂಡು ಫ್ರಿಜ್‌ ಬಾಗಿಲಿಗೆ ಅಂಟಿಸಿ. ತಕ್ಷಣ ಉಸಿರು ಬಿಡಿಸುವ ಸಾಲ್ಬುಟಮಾಲ್ ಇನ್‌ಹೇಲರ್ ಎರಡಿರಲಿ, ಅವಧಿ ಮುಗಿದಿಲ್ಲವೇ ನೋಡಿ. ಮಕ್ಕಳಿಗೆ ಸ್ಪೇಸರ್ (ಇನ್‌ಹೇಲರ್‌ಗೆ ಜೋಡಿಸುವ ಕೊಳವೆ) ಜತೆಗೇ ಕೊಡಿ.

ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಯೋಚನೆ ಇದ್ದು, ಅವರಿಗೆ ಹೃದಯ ಅಥವಾ ಶ್ವಾಸದ ತೊಂದರೆ ಇದ್ದರೆ ಮಾರ್ಚ್ ಅಥವಾ ಏಪ್ರಿಲ್‌ಗೆ ಟಿಕೆಟ್ ಮಾಡುವುದೇ ಮೇಲು. ಆಗಲೇ ಬಂದಿದ್ದರೆ ಬೆಳಗಿನ ವಾಕಿಂಗ್ ಮಾಲ್‌ನೊಳಗೆ ಆಗಲಿ. ಒಂದು ಪೂರ್ತಿ ವಾಕ್ಯ ಹೇಳಲು ಉಸಿರು ಸಾಲದೆ ತಡವರಿಸಿದರೆ, ತುಟಿ ನೀಲಿಗಟ್ಟಿದರೆ, ಎದೆ ಹಿಂಡಿದಂತಾದರೆ, ಇನ್‌ಹೇಲರ್ ಕೊಟ್ಟರೂ ಇಳಿಯದಿದ್ದರೆ ಕಾಯಬೇಡಿ: ಸಿಂಗಪುರದಲ್ಲಿ 995, ಮಲೇಷ್ಯಾದಲ್ಲಿ 999.

ಕಾರಿನಲ್ಲಿ ಒಳಗಾಳಿ ತಿರುಗಿಸುವ ಗುಂಡಿ ಒತ್ತಿ. ದೂರದ ದಾರಿಯಾದರೆ ಅರ್ಧ ಗಂಟೆಗೊಮ್ಮೆ ಒಂದೆರಡು ನಿಮಿಷ ಹೊರಗಾಳಿ ಬಿಟ್ಟುಕೊಳ್ಳಿ, ಇಲ್ಲದಿದ್ದರೆ ಚಾಲಕರಿಗೆ ಮಂಪರು ಬರುತ್ತದೆ.

ಎರಡು ಮೂರು ದಿನ ಮೊದಲೇ ತಿಳಿಯಲು

ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟವಾದ ಆಸಿಯಾನ್‌ನ ವಿಶೇಷ ಹವಾಮಾನ ಕೇಂದ್ರ ದಿನವೂ ಬೆಂಕಿಬಿಂದುಗಳ ಮತ್ತು ಹೊಗೆಯ ನಕ್ಷೆ ಹಾಕುತ್ತದೆ. ನೋಡುವಾಗ ಮೂರನ್ನು ಕೂಡಿಸಿ ನೋಡಿ: ಸುಮಾತ್ರದ ನಡು ಮತ್ತು ದಕ್ಷಿಣದಲ್ಲಿ ಬಿಂದುಗಳು ಹೆಚ್ಚುತ್ತಿವೆಯೇ, ಗಾಳಿಯ ಬಾಣ ನಿಮ್ಮ ಕಡೆಗಿದೆಯೇ, ಮಳೆ ಇಲ್ಲವೇ. ಬಿಂದುಗಳು ಕಮ್ಮಿ ಎಂದ ಮಾತ್ರಕ್ಕೆ ಬೆಂಕಿ ಕಮ್ಮಿ ಎಂದಲ್ಲ. ಮೋಡ ಮುಚ್ಚಿದ್ದರೆ ಉಪಗ್ರಹಕ್ಕೆ ಕಾಣುವುದಿಲ್ಲ, ಮಣ್ಣಿನಡಿ ಹೊಗೆಯಾಡುವ ಪೀಟ್ ಕೂಡ ಅದರ ಕಣ್ಣು ತಪ್ಪಿಸುತ್ತದೆ. ಆ ಕೇಂದ್ರ ಎಚ್ಚರಿಕೆಯ ಮಟ್ಟ ಏರಿಸಿತೆಂದರೆ ಫೋಮ್ ಪಟ್ಟಿ, ಫಿಲ್ಟರ್, ಇನ್‌ಹೇಲರ್ ಮೂರನ್ನೂ ಅಂದೇ ನೋಡಿಕೊಳ್ಳಿ.

ಕಾನೂನಿನ ಕಡೆಯಿಂದ ಏನಿದೆ ಎಂದು ಕೇಳುವವರು ಬಹಳ. ಗಡಿದಾಟುವ ಹೊಗೆಯ ಕುರಿತ ಆಸಿಯಾನ್ ಒಪ್ಪಂದಕ್ಕೆ 2002ರಲ್ಲಿ ಸಹಿ ಬಿತ್ತು. ಹೊಗೆ ಹೆಚ್ಚಾಗಿ ಏಳುವ ಇಂಡೋನೇಷ್ಯಾ ಅದನ್ನು ಅನುಮೋದಿಸಿದ್ದು 2014ರಲ್ಲಿ. ಅದೇ ವರ್ಷ ಸಿಂಗಪುರ ತನ್ನದೇ ಕಾಯ್ದೆ ತಂದಿತು. ಹೊರದೇಶದಲ್ಲಿ ಬೆಂಕಿ ಹಚ್ಚಿಸಿ ಸಿಂಗಪುರದ ಗಾಳಿ ಕೆಡಿಸಿದ ಕಂಪನಿಗೆ ದಿನಕ್ಕೆ 1 ಲಕ್ಷ ಸಿಂಗಪುರ ಡಾಲರ್, ಒಟ್ಟು 20 ಲಕ್ಷದವರೆಗೆ ದಂಡ ಹಾಕಬಹುದು. ಕಷ್ಟ ಇರುವುದು ಸಾಕ್ಷ್ಯದಲ್ಲಿ: ಬೆಂಕಿ ಬಿದ್ದ ನೆಲ ಯಾರ ಗುತ್ತಿಗೆಯದ್ದು, ಹಚ್ಚಿದ್ದು ಯಾರು ಎಂಬುದು ಇನ್ನೊಂದು ದೇಶದ ನಕ್ಷೆ ಮತ್ತು ತನಿಖೆಯನ್ನು ನಂಬಿಕೊಂಡಿದೆ. 2015ರಲ್ಲಿ ಸುಟ್ಟ 26 ಲಕ್ಷ ಹೆಕ್ಟೇರ್‌ನಿಂದ ಅತಿ ಹೆಚ್ಚು ನರಳಿದ್ದು ರಿಯಾವು, ಜಾಂಬಿ, ಕಾಲಿಮಂತಾನ್‌ನ ಹಳ್ಳಿಯವರೇ. ವಿಶ್ವಬ್ಯಾಂಕ್ ಇಂಡೋನೇಷ್ಯಾದ ನಷ್ಟವನ್ನು 1,600 ಕೋಟಿ ಅಮೆರಿಕನ್ ಡಾಲರ್ ಎಂದು ಅಂದಾಜಿಸಿತ್ತು. ಕೊಳ್ಳುವವರಾಗಿ ನಾವು ಮಾಡಬಹುದಾದದ್ದು ತಾಳೆಎಣ್ಣೆಗೆ ಆರ್‌ಎಸ್‌ಪಿಒ (ಪರಿಸರಕ್ಕೆ ಹಾನಿ ತಗ್ಗಿಸಿ ಬೆಳೆದ ತಾಳೆಎಣ್ಣೆಗೆ ಪ್ರಮಾಣಪತ್ರ ಕೊಡುವ ಸಂಸ್ಥೆ) ಗುರುತು ನೋಡುವುದು. 2018ರಿಂದ ಆ ಪ್ರಮಾಣಪತ್ರದ ನಿಯಮ ಪೀಟ್ ನೆಲದಲ್ಲಿ ಹೊಸ ತೋಟ ಹಾಕುವುದನ್ನು ಒಪ್ಪುವುದಿಲ್ಲ. ಇಂಡೋನೇಷ್ಯಾದ ತಾಳೆಎಣ್ಣೆ ಕೊಳ್ಳುವ ದೊಡ್ಡ ದೇಶಗಳಲ್ಲಿ ಭಾರತವೂ ಒಂದು ಎಂಬುದರಿಂದ ಈ ಮಾತು ಊರಿನ ಅಡುಗೆಮನೆಗೂ ತಾಗುತ್ತದೆ.

ಹೊಗೆ ಹೋದ ಮೇಲೆ

ಗಂಟೆಯ ಪಿಎಂ2.5 ಮೂರು ದಿನ ಸತತವಾಗಿ 30ರ ಕೆಳಗಿದ್ದರೆ ಕಿಟಕಿಗಳನ್ನೆಲ್ಲ ತೆರೆದು ಪರದೆ, ದಿಂಬಿನ ಗೌಸು, ಸೋಫಾ ಹೊದಿಕೆ ಒಗೆಯಿರಿ. ಏಸಿ ಜಾಲರಿ ತೊಳೆಯಿರಿ. ಪ್ಯೂರಿಫೈಯರ್‌ನ ಹೊರಜಾಲರಿಯ ಧೂಳು ಹೀರಿಸಿ ತೆಗೆಯಿರಿ, ಆದರೆ ಒಳಗಿನ, ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರ್ ತೊಳೆಯಬೇಡಿ, ಬ್ರಷ್ ಹಾಕಬೇಡಿ. ಎಳೆ ಹರಿದರೆ ಗಾಳಿ ಸೋಸದೆ ಹಾಗೇ ಹಾದುಹೋಗುತ್ತದೆ. ವರ್ಷ ಬರುತ್ತದೆ ಎಂದು ಡಬ್ಬಿಯ ಮೇಲಿದ್ದರೂ ಕಡುಹೊಗೆಯ ಒಂದು ತಿಂಗಳು ಅದರ ಆಯಸ್ಸನ್ನು ಬಹಳವೇ ತಿನ್ನುತ್ತದೆ. ಮಡಿಕೆಗಳ ಒಳತುದಿಯವರೆಗೂ ಬೂದಿ ಬಣ್ಣ ಇಳಿದಿದ್ದರೆ, ಅಥವಾ ಅದೇ ವೇಗದಲ್ಲಿ ಗಾಳಿ ಮೊದಲಿನಷ್ಟು ಬರುತ್ತಿಲ್ಲವೆಂದರೆ ಬದಲಿಸಿ. ಬೇಡಿಕೆ ಇಳಿದಿರುವ ಡಿಸೆಂಬರ್‌ನಲ್ಲೇ ಮುಂದಿನ ವರ್ಷದ್ದನ್ನೂ ಕೊಂಡು, ಪ್ಲಾಸ್ಟಿಕ್ ಚೀಲ ಬಿಚ್ಚದೆ ಒಣ ಜಾಗದಲ್ಲಿಡಿ, ಯಂತ್ರದೊಳಗೆ ಹಾಕುವ ದಿನ ಆ ಚೀಲ ತೆಗೆಯಲು ಮರೆಯದಂತೆ ಮೇಲೆ ಒಂದು ಚೀಟಿ ಅಂಟಿಸಿ. ಕೆಮ್ಮು ಎರಡು ವಾರ ಕಳೆದರೂ ಉಳಿದಿದ್ದರೆ ವೈದ್ಯರಿಗೆ ತೋರಿಸಿ.